ಕಾಣೆಯಾದ ಗೃಹಿಣಿಯ ಜಾಡು

ಪ್ರಶ್ನೆ: 1957ರ ಕ್ಯಾಲಿಫೋರ್ನಿಯಾದ ಬಡಾವಣೆಯೊಂದರಲ್ಲಿ ಗೃಹಿಣಿಯೊಬ್ಬಳು ಹಾಡಹಗಲೇ ಕಾಣೆಯಾಗುವ ಪತ್ತೇದಾರಿ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಕಾರು, ಉಡುಪು, ಅಡುಗೆಮನೆಗಳನ್ನೆಲ್ಲ ಕಾಲಕ್ಕೆ ತಕ್ಕಂತೆ ಚಿತ್ರಿಸಿದ್ದರೂ, ಈ ಕಥೆ ಇಂದು ನಡೆದಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲವೆಂದು ಹಸ್ತಪ್ರತಿ ಓದಿದ ಗೆಳತಿ ಹೇಳುತ್ತಾರೆ. ನಾನು ಎಡವಿದ್ದು ಎಲ್ಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಗೆಳತಿಯ ಮಾತನ್ನು ತಳ್ಳಿಹಾಕಬೇಡಿ. ಐತಿಹಾಸಿಕ ಪತ್ತೇದಾರಿ ಕಾದಂಬರಿಯಲ್ಲಿ ರಹಸ್ಯದ ಗಂಟು ಆ ಕಾಲದ ಕಾನೂನು ಮತ್ತು ರೂಢಿಗಳಿಂದಲೇ ಬಿದ್ದಿರಬೇಕು; ಕಾರಿನ ವರ್ಣನೆಯಿಂದ ಅದು ಬೀಳುವುದಿಲ್ಲ.

ಅವಳು ತಾನಾಗಿಯೇ ಹೊರಟುಹೋಗಿರಬಹುದೇ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1970ರ ಜನವರಿಯವರೆಗೆ ವಿಚ್ಛೇದನ ಬೇಕೆಂದರೆ ಕ್ರೌರ್ಯ, ವ್ಯಭಿಚಾರ, ಪರಿತ್ಯಾಗ ಮುಂತಾದ ತಪ್ಪನ್ನು ಸಂಗಾತಿಯ ಮೇಲೆ ಸಾಬೀತುಪಡಿಸಬೇಕಾಗಿತ್ತು. ಹಾಗಾಗಿ ಸುಮ್ಮನೆ ಮನೆ ಬಿಟ್ಟವಳು ಪರಿತ್ಯಾಗದ ಆರೋಪಕ್ಕೆ ತಾನೇ ಗುರಿಯಾಗುವ ಸಂಭವವಿತ್ತು. ಪಕ್ಕದ ನೆವಾಡಾದಲ್ಲಾದರೆ 1931ರಿಂದಲೇ ಆರು ವಾರ ವಾಸವಿದ್ದವರು ವಿಚ್ಛೇದನಕ್ಕೆ ಅರ್ಜಿ ಹಾಕಬಹುದಾಗಿದ್ದುದರಿಂದ, ಅಲ್ಲಿನ ರೀನೋ ನಗರ ಅದಕ್ಕೇ ಹೆಸರಾಗಿತ್ತು. ನಿಮ್ಮ ಪತ್ತೇದಾರ ಮೊದಲು ವಿಚಾರಿಸಬೇಕಾದದ್ದು ಅಲ್ಲಿ. ಆದರೆ ಆರು ವಾರದ ಖರ್ಚಿಗೆ ಹಣವೆಲ್ಲಿ? ಸಾಲ ನೀಡುವಾಗ ಹೆಂಗಸರಿಗೆ ತಾರತಮ್ಯ ಮಾಡಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1974ರಲ್ಲಿ; ಅಲ್ಲಿಯವರೆಗೆ ಗಂಡನ ಸಹಿಯಿಲ್ಲದೆ ಸಾಲ ಹುಟ್ಟುವುದು ಕಷ್ಟವಾಗಿತ್ತು. ಆದ್ದರಿಂದ ಮನೆಖರ್ಚಿನಲ್ಲಿ ಉಳಿಸಿ, ನಮ್ಮವರು ಸಾಸಿವೆ ಡಬ್ಬಿಯಲ್ಲಿ ಇಡುವಂತೆ, ಅವಳು ಎಲ್ಲೋ ಮುಚ್ಚಿಟ್ಟ ನೋಟುಗಳು ಅಲ್ಲೇ ಇವೆಯೋ ಅವಳ ಜೊತೆ ಹೋಗಿವೆಯೋ ಎಂಬುದು ರಕ್ತದ ಕಲೆಗಿಂತ ದೊಡ್ಡ ಸುಳಿವಾಗುತ್ತದೆ.

ಆ ಹಣದ ಗಂಟು ಎಲ್ಲಿದೆಯೆಂದು ಯಾರಿಗೆ ಗೊತ್ತಿರುತ್ತದೆ? ಮನೆಗೆಲಸದವಳಿಗೆ. ಅಂಥ ಎಷ್ಟೋ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಮಾರುತ್ತಿರಲಿಲ್ಲ. ಮನೆಪತ್ರಗಳಲ್ಲಿನ ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತ್ತಾದರೂ, ನಿಮ್ಮ ಕಥೆ ನಡೆಯುವ 1957ರಲ್ಲೇ ಪೆನ್ಸಿಲ್ವೇನಿಯಾದ ಲೆವಿಟೌನ್‌ನಲ್ಲಿ ಕಪ್ಪು ಕುಟುಂಬವೊಂದು ಮನೆ ಕೊಂಡಾಗ ಜನ ಗುಂಪುಗೂಡಿ ಕಲ್ಲು ತೂರಿದರು. ಆದರೂ ಇಂಥ ಮನೆಗಳ ನೆಲ ಒರೆಸಲು ದೂರದ ಕೇರಿಗಳಿಂದ ಕಪ್ಪು ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಒಡತಿಯ ಕಪಾಟಿನಲ್ಲಿ, 1955ರಲ್ಲಿ ಮಾರುಕಟ್ಟೆಗೆ ಬಂದು ಮನೆಮಾತಾದ ಮಿಲ್‌ಟೌನ್ ಎಂಬ ಶಮನಕಾರಿ ಗುಳಿಗೆಯ ಸೀಸೆ ಎಷ್ಟು ಬೇಗ ಬರಿದಾಗುತ್ತಿತ್ತೆಂದು ಗಂಡನಿಗೆ ತಿಳಿಯದಿದ್ದರೂ ಈ ಕೆಲಸದವಳಿಗೆ ತಿಳಿದಿರುತ್ತದೆ. ಪೊಲೀಸರು ಅವಳನ್ನು ಶಂಕಿಸುತ್ತಾರೆಯೇ ಹೊರತು ಸಾಕ್ಷಿಯೆಂದು ಕೇಳುವುದಿಲ್ಲ. ನಿಮ್ಮ ಹಸ್ತಪ್ರತಿಯಲ್ಲಿ ಅವಳು ಕಾಫಿ ತಂದಿಟ್ಟು ಮರೆಯಾಗಿದ್ದರೆ, ಕಾದಂಬರಿಯೇ ಅವಳೊಂದಿಗೆ ಹೊರಟುಹೋಗಿದೆಯೆಂದು ತಿಳಿಯಿರಿ.

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಿಲ್ಲದ ಕಾಲದಲ್ಲಿ ಪತ್ತೇದಾರನಿಗೆ ಉಳಿಯುವ ದಾರಿ ಯಾವುದು?
– ಅವರೇ

ಉತ್ತರ: ಅಪರಾಧ ತನಿಖೆಯಲ್ಲಿ ಡಿಎನ್‌ಎ ಬಳಕೆ ಶುರುವಾದದ್ದು 1986ರಲ್ಲಿ, ಇಂಗ್ಲೆಂಡಿನಲ್ಲಿ. ಅದಕ್ಕೆ ಮುಂಚೆ ಬೆರಳಚ್ಚು ಇತ್ತು. ರಕ್ತದ ಗುಂಪೂ ತಿಳಿಯುತ್ತಿತ್ತು, ಆದರೆ ಅದರಿಂದ ಈ ರಕ್ತ ಇವಳದಲ್ಲ ಎನ್ನಬಹುದೇ ವಿನಾ ಇವಳದೇ ಎಂದು ಹೇಳಲಾಗುತ್ತಿರಲಿಲ್ಲ. ಆದ್ದರಿಂದ ಅವನು ಮನೆಮನೆಯ ಬಾಗಿಲು ತಟ್ಟಲೇಬೇಕು. ಆಗ ಹಲವು ಮನೆಗಳಿಗೆ ಒಂದೇ ದೂರವಾಣಿ ತಂತಿಯ ಏರ್ಪಾಡು ಇನ್ನೂ ಬಳಕೆಯಲ್ಲಿತ್ತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ರಿಸೀವರ್ ಎತ್ತಿದರೆ ಎಲ್ಲವೂ ಕೇಳಿಸುತ್ತಿತ್ತು. ಕಾಣೆಯಾದವಳ ಕೊನೆಯ ಕರೆಯನ್ನು ಕೇಳಿದ ನೆರೆಮನೆಯಾಕೆ ಅದನ್ನು ಹೇಳಬೇಕಾದರೆ, ತಾನು ದಿನವೂ ಕದ್ದು ಕೇಳುತ್ತಿದ್ದೆನೆಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.