ಹಳೆಯ ಔಷಧಿಗಳಲ್ಲೇ ವಿಷಕ್ಕೆ ಮದ್ದನ್ನು ಕಂಪ್ಯೂಟರ್‌ನಿಂದ ಹುಡುಕಬಹುದಾ? ಹೇಗೆ?

ಹುಡುಕಬಹುದು. ನನಗೆ ತುಂಬಾ ಇಷ್ಟವಾದ ಉದಾಹರಣೆ ಡೆತ್ ಕ್ಯಾಪ್ ಅಣಬೆಯದು. ಇದರ ಮುಖ್ಯ ವಿಷ ಆಲ್ಫಾ-ಅಮಾನಿಟಿನ್. ಅದು ಜೀವಕೋಶದಲ್ಲಿ ಆರ್‌ಎನ್‌ಎ, ಅಂದರೆ ಜೀನ್‌ನ ಸೂಚನೆಯ ನಕಲು, ತಯಾರಾಗುವುದನ್ನೇ ನಿಲ್ಲಿಸುತ್ತದೆ. ದೊಡ್ಡ ಪೆಟ್ಟು ಲಿವರ್‌ಗೆ.

ಚೀನಾದ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದ ತಂಡವೊಂದು 2023ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಮೊದಲು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಳಸಿ ಮನುಷ್ಯನ ಜೀವಕೋಶಗಳ ಜೀನ್‌ಗಳನ್ನು ಕೆಡಿಸುತ್ತಾ ಹೋದರು. ಯಾವ ಜೀನ್ ಇಲ್ಲದಿದ್ದರೆ ವಿಷ ನಾಟುವುದಿಲ್ಲ ಅಂತ ನೋಡಿದರು. ಸಿಕ್ಕಿದ್ದು ಎಸ್‌ಟಿಟಿ3ಬಿ, ಪ್ರೋಟೀನ್‌ಗಳಿಗೆ ಸಕ್ಕರೆಯ ಸರಪಳಿ ಅಂಟಿಸುವ ಕಿಣ್ವ.

ಅದನ್ನು ತಡೆಯುವ ಔಷಧಿ ಸಿಕ್ಕರೆ ವಿಷವನ್ನೂ ತಡೆಯಬಹುದು. ಕಂಪ್ಯೂಟರ್ ಬರುವುದು ಇಲ್ಲಿ. ಆ ಕಿಣ್ವದ ಮೂರು ಆಯಾಮದ ಆಕಾರವನ್ನು ಇಟ್ಟುಕೊಂಡು, ಅಮೆರಿಕದಲ್ಲಿ ಆಗಲೇ ಅನುಮತಿ ಇರುವ ಸುಮಾರು 3,200 ಔಷಧಿಗಳಲ್ಲಿ ಯಾವುದು ಆ ಕಿಣ್ವದ ಮೇಲಿನ ಕುಳಿಯೊಳಗೆ ಸರಿಯಾಗಿ ಕೂರುತ್ತದೆ ಅಂತ ಲೆಕ್ಕ ಹಾಕಿಸಿದರು. ಬೀಗಕ್ಕೆ ಕೀ ಗೊಂಚಲಿನಿಂದ ಒಂದೊಂದೇ ಕೀ ಹಾಕಿ ನೋಡಿದ ಹಾಗೆ. ಗೆದ್ದಿದ್ದು ಇಂಡೋಸಯನೀನ್ ಗ್ರೀನ್. ಅದು ಮದ್ದೂ ಅಲ್ಲ, ಬಣ್ಣ! ಕಣ್ಣಿನ ರಕ್ತನಾಳ ನೋಡಲು, ಲಿವರ್ ಪರೀಕ್ಷೆಗೆ 1950ರ ದಶಕದಿಂದ ಬಳಸುತ್ತಿದ್ದಾರೆ.

ಲೆಕ್ಕ ಸರಿಬಂದರೆ ಸಾಲದು ಅಲ್ವಾ? ಇಲಿಗಳಿಗೂ ಕೊಟ್ಟು ನೋಡಿದರು. ಲಿವರ್, ಕಿಡ್ನಿಗೆ ಹಾನಿ ಕಡಿಮೆಯಾಯಿತು, ಬದುಕಿದವು ಜಾಸ್ತಿ. ಆದರೆ ವಿಷ ದೇಹಕ್ಕೆ ಹೋದ ಮೊದಲ ಕೆಲವೇ ಗಂಟೆಗಳಲ್ಲಿ ಕೊಡಬೇಕು. ತಡವಾದರೆ ಕೆಲಸ ಮಾಡಲಿಲ್ಲ. ತೊಂದರೆ ಇರುವುದೇ ಇಲ್ಲಿ: ಈ ಅಣಬೆ ತಿಂದವರಿಗೆ ವಾಂತಿ-ಭೇದಿ ಶುರುವಾಗಲು ಸಾಮಾನ್ಯವಾಗಿ ಆರು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ.