ಉಪಚುನಾವಣೆ ಎಷ್ಟು ದಿನದೊಳಗೆ ನಡೆಯಬೇಕು? ಗೆದ್ದವರಿಗೆ ಪೂರ್ತಿ ಐದು ವರ್ಷ ಸಿಗುತ್ತದಾ?

ಇಲ್ಲ, ಉಳಿದ ಅವಧಿ ಮಾತ್ರ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನಲ್ಲಿ ಗೆದ್ದವರ ಅವಧಿ 2023ರಲ್ಲಿ ಗೆದ್ದ ಉಳಿದ ಶಾಸಕರ ಜೊತೆಗೇ ಮುಗಿಯುತ್ತದೆ.

ಸೀಟು ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಮಾಡಬೇಕು ಅನ್ನುತ್ತದೆ 1951ರ ಜನಪ್ರತಿನಿಧಿ ಕಾಯ್ದೆಯ 151ಎ ಕಲಂ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಮಾಡಬೇಕಿಲ್ಲ. ಆರು ತಿಂಗಳಲ್ಲಿ ನಡೆಸುವುದು ಕಷ್ಟ ಅಂತ ಆಯೋಗ ಕೇಂದ್ರ ಸರ್ಕಾರದ ಜೊತೆ ಚರ್ಚಿಸಿ ಹೇಳಿದರೂ ಮುಂದೂಡಬಹುದು.

ಈ ಒಂದು ವರ್ಷವನ್ನು ಲೆಕ್ಕ ಹಾಕುವುದು ಮತದಾನದ ದಿನದಿಂದಲ್ಲ, ಸೀಟು ಖಾಲಿಯಾದ ದಿನದಿಂದ. 2018ರ ಮೇನಲ್ಲಿ ಯಡಿಯೂರಪ್ಪ, ಶ್ರೀರಾಮುಲು, ಪುಟ್ಟರಾಜು ಶಾಸಕರಾಗಿ ಲೋಕಸಭೆ ಬಿಟ್ಟರು. ಆ ಲೋಕಸಭೆ ಮುಗಿಯಬೇಕಿದ್ದದ್ದು 2019ರ ಜೂನ್ 3ಕ್ಕೆ. ಒಂದು ವರ್ಷಕ್ಕಿಂತ ಕೆಲವೇ ದಿನ ಜಾಸ್ತಿ ಇತ್ತು, ಅಷ್ಟೇ. ಹಾಗಾಗಿ ಶಿವಮೊಗ್ಗ, ಬಳ್ಳಾರಿ, ಮಂಡ್ಯದಲ್ಲಿ ನವೆಂಬರ್ 3ಕ್ಕೆ ಮತದಾನ ಆಯಿತು. ಆಂಧ್ರದ ಐದು ಸಂಸದರ ರಾಜೀನಾಮೆ ಅಂಗೀಕಾರ ಆಗಿದ್ದು ಜೂನ್‌ನಲ್ಲಿ, ಅಲ್ಲಿ ಉಪಚುನಾವಣೆಯೇ ನಡೆಯಲಿಲ್ಲ!

ಮುಂದಿನ ಏಪ್ರಿಲ್‌ನಲ್ಲಿ ಇದೇ ಮೂರು ಕ್ಷೇತ್ರದ ಜನ ಮತ್ತೆ ಮತಗಟ್ಟೆ ಮುಂದೆ ಸಾಲು ನಿಂತರು. ಅಷ್ಟು ಕಡಿಮೆ ಸಮಯಕ್ಕೆ ಇಷ್ಟೊಂದು ಖರ್ಚು ಬೇಕಿತ್ತಾ ಅಂತ ಕೇಳುವವರು ಆಗ ತುಂಬಾ ಇದ್ದರು. ನನ್ನ ಪ್ರಕಾರ ಬೇಕು. ಸಂಸದರೇ ಇಲ್ಲದಿದ್ದರೆ ಆ ಕ್ಷೇತ್ರದ ಪರವಾಗಿ ಸದನದಲ್ಲಿ ಕೇಳುವವರು ಯಾರು?