ಅಷ್ಟು ದಪ್ಪ ಉಕ್ಕಿನ ಪೈಪು ಕಡಲಿಗೆ ಇಳಿಸುವಾಗ ಮುರಿಯುವುದಿಲ್ಲವೇ?

ಪ್ರಶ್ನೆ: ಸಮುದ್ರದ ತಳದಲ್ಲಿ ಸಾವಿರ ಕಿಲೋಮೀಟರ್ ಉದ್ದದ ಗ್ಯಾಸ್ ಪೈಪು ಹಾಕುತ್ತಾರಂತೆ. ದಡದಲ್ಲೇ ಜೋಡಿಸಿ ಎಳೆದೊಯ್ಯುತ್ತಾರಾ, ನೀರಿನಡಿ ಬೆಸುಗೆ ಹಾಕುತ್ತಾರಾ? ಇಳಿಸುವಾಗ ಮುರಿಯಲ್ವಾ?

ಉತ್ತರ: ಬೆಸುಗೆ ನಡೆಯುವುದು ಹಡಗಿನ ಮೇಲೆಯೇ. ಪೈಪ್ ಹಾಸುವ ಹಡಗು ಎಂದರೆ ತೇಲುವ ಕಾರ್ಖಾನೆ. ರಷ್ಯಾದಿಂದ ಜರ್ಮನಿಗೆ ಬಾಲ್ಟಿಕ್ ಸಮುದ್ರದಡಿ ಹಾಕಿದ ನಾರ್ಡ್ ಸ್ಟ್ರೀಮ್ ನೋಡಿ. 1,224 ಕಿ.ಮೀ. ಉದ್ದದ ಎರಡು ಸಾಲು. ಒಂದೊಂದು ಸಾಲಿಗೂ 12 ಮೀಟರಿನ ಸುಮಾರು 1 ಲಕ್ಷ ತುಂಡು ಬೇಕಾಯಿತು. ಸಾಲಾಗಿ ನಿಂತ ಬೆಸುಗೆಗಾರರು ಒಬ್ಬೊಬ್ಬರು ಒಂದೊಂದು ಪದರ ಬೆಸೆಯುತ್ತಾರೆ. ಆಮೇಲೆ ಶಬ್ದತರಂಗದ ಪರೀಕ್ಷೆ, ತುಕ್ಕು ಹಿಡಿಯದಂತೆ ಹೊದಿಕೆ. ಇನ್ನೊಂದು ತಮಾಷೆ: ಇಲ್ಲಿ ಪೈಪು ಓಡುವುದಿಲ್ಲ. ಹಡಗೇ ಅದರ ಕೆಳಗಿಂದ ಜಾರಿಕೊಂಡು ಮುಂದೆ ಹೋಗುತ್ತದೆ.

ಇನ್ನು ಮುರಿಯುವ ಮಾತು. ಮನೆ ಕಟ್ಟುವ ಸರಳನ್ನು ಕೈಗಾಡಿಯಲ್ಲಿ ಒಯ್ಯುವುದನ್ನು ನೋಡಿರುತ್ತೀರಿ. ಕೆಂಪು ಬಟ್ಟೆ ಕಟ್ಟಿದ ಹಿಂದಿನ ತುದಿ ನೆಲಕ್ಕೆ ಬಾಗಿರುತ್ತದೆ, ಅಲ್ವಾ? ಉದ್ದ ಸಾಕಷ್ಟಿದ್ದರೆ ಉಕ್ಕೂ ಬಳುಕುತ್ತದೆ. ಹಡಗಿನ ಹಿಂದೆ ಚಾಚಿದ ಬಾಗಿದ ಚೌಕಟ್ಟಿಗೆ ಸ್ಟಿಂಗರ್ ಎನ್ನುತ್ತಾರೆ. ಪೈಪು ಅದರ ಮೇಲೆ ಒಮ್ಮೆ ಬಾಗಿ, ತಳ ಮುಟ್ಟುವ ಮುಂಚೆ ಇನ್ನೊಮ್ಮೆ ಎದುರು ದಿಕ್ಕಿಗೆ ಬಾಗಿ ಇಂಗ್ಲಿಷಿನ ‘ಎಸ್’ ಆಕಾರ ಪಡೆಯುತ್ತದೆ. ಅದಕ್ಕೇ ಹೀಗೆ ಹಾಸುವ ವಿಧಾನಕ್ಕೆ ಎಸ್-ಲೇ ಎಂದು ಹೆಸರು.

ಆದರೆ ನಿಜವಾದ ಕೆಲಸ ಇಳಿಸುವುದಲ್ಲ, ಬಿಡದೆ ಹಿಡಿದುಕೊಳ್ಳುವುದು. ಯುದ್ಧದ ಟ್ಯಾಂಕಿನ ಚೈನಿನಂಥ ಪಟ್ಟಿಗಳು ಪೈಪನ್ನು ಬಿಗಿಯಾಗಿ ಕಚ್ಚಿರುತ್ತವೆ. ಪಯೋನಿಯರಿಂಗ್ ಸ್ಪಿರಿಟ್ ಎಂಬ 382 ಮೀಟರ್ ಉದ್ದದ ಹಡಗು 2,000 ಟನ್ ಬಲದಿಂದ ಹಿಡಿದು ನಿಲ್ಲಬಲ್ಲದು. ಹಿಡಿತ ಸಡಿಲವಾದರೆ ತಳದ ಹತ್ತಿರ ಪೈಪು ತೋಟದ ನೀರಿನ ಪೈಪಿನ ಹಾಗೆ ಮಡಚಿಕೊಳ್ಳುತ್ತದೆ.

ಕಡಲು ತೀರಾ ಆಳವಿದ್ದರೆ ಎತ್ತರದ ಗೋಪುರದಿಂದ ಪೈಪನ್ನು ನೆಟ್ಟಗೆ ಇಳಿಸುವ ಜೆ-ಲೇ ವಿಧಾನವಿದೆ. ‘ಜೆ’ ಅಕ್ಷರದಂತೆ ಬಾಗು ಒಂದೇ, ಆದರೆ ಕೆಲಸ ನಿಧಾನ. ಕಪ್ಪು ಸಮುದ್ರದಲ್ಲಿ 2,100 ಮೀಟರಿಗೂ ಜಾಸ್ತಿ ಆಳಕ್ಕೆ ಬ್ಲೂ ಸ್ಟ್ರೀಮ್ ಪೈಪನ್ನು ಹೀಗೇ ಇಳಿಸಿದರು. ಸಣ್ಣ ಪೈಪಾದರೆ ದಡದಲ್ಲೇ ಬೆಸೆದು, ದಾರದುಂಡೆಯಂತೆ ರಾಟೆಗೆ ಸುತ್ತಿಕೊಂಡು ಹೋಗುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ದೊಡ್ಡ ಗ್ಯಾಸ್ ಪೈಪು ಸುಮ್ನೆ ಬಿಟ್ಟರೆ ತೇಲುತ್ತದೆ! ನಾರ್ಡ್ ಸ್ಟ್ರೀಮಿನ ಒಂದು ಮೀಟರ್ ಉಕ್ಕು ಸುಮಾರು 800ರಿಂದ 1,000 ಕಿಲೋ. ಅದು ಪಕ್ಕಕ್ಕೆ ತಳ್ಳುವ ನೀರು ಸುಮಾರು 1,200 ಕಿಲೋ. ಒಳಗೆ ಬರೀ ಗಾಳಿ. ಹಾಗಾಗಿ ಮೈಗೆಲ್ಲ ಕಾಂಕ್ರೀಟ್ ಮೆತ್ತಿ ಭಾರ ಮಾಡುತ್ತಾರೆ.

ಬಿರುಗಾಳಿ ಬಂದರೆ? ಪೈಪಿನ ತುದಿಗೆ ಮುಚ್ಚಳ ಬೆಸೆದು, ಉಕ್ಕಿನ ಹಗ್ಗ ಕಟ್ಟಿ ಮೆಲ್ಲಗೆ ತಳಕ್ಕೆ ಇಳಿಸಿಬಿಡುತ್ತಾರೆ. ಗಾಳಿ ನಿಂತ ಮೇಲೆ ಅದನ್ನೇ ಎತ್ತಿಕೊಂಡು, ಬಿಟ್ಟಲ್ಲಿಂದ ಬೆಸುಗೆ ಮುಂದುವರಿಸುತ್ತಾರೆ.